ಲೇಸರ್ ಕಣ್ಣಿಗೆ ಕಾಣದ ಅಳಿಲು

ಕನ್ನಡಕ ಹಾಕಿದವನನ್ನು ಕಂಡರೆ ನಮ್ಮ ಕಡೆಯ ಜನಕ್ಕೆ ಏನೋ ಒಂದು ನಂಬಿಕೆ. ಇವನು ತುಂಬಾ ಓದಿರಬೇಕು ಎಂದುಕೊಳ್ಳುತ್ತಾರೆ. ಗಾಜು ದಪ್ಪವಾದಷ್ಟೂ ಓದು ಜಾಸ್ತಿ ಎಂಬುದು ಅವರ ಎಣಿಕೆ. ನನ್ನ ವಿಷಯದಲ್ಲಿ ನಡೆದದ್ದು ಉಲ್ಟಾ. ಮೂರನೇ ಕ್ಲಾಸಿನಲ್ಲಿ ಓದು ಬರುತ್ತಿಲ್ಲ ಎಂದೇ ಮೇಷ್ಟ್ರು ನನ್ನನ್ನು ಬೋರ್ಡಿನ ಮುಂದೆ ನಿಲ್ಲಿಸಿ ಕಿವಿ ಹಿಂಡಿದ್ದು. ಹಿಂಡಿ ಹಿಂಡಿ ಅವರ ಬೆರಳಿಗೇ ನೋವು ಬಂದರೂ ನನಗೆ ಅಕ್ಷರ ಕಾಣಲಿಲ್ಲ. ಕೊನೆಗೆ, "ಇವನಿಗೆ ಬುದ್ಧಿ ಇಲ್ದಿರೋದು ಬೇರೆ ವಿಷಯ, ಕಣ್ಣೂ ಇಲ್ಲ" ಎಂದು ಮನೆಗೆ ಹೇಳಿ ಕಳಿಸಿದರು. ಅರಸೀಕೆರೆಯ ಕನ್ನಡಕದ ಅಂಗಡಿಯಲ್ಲಿ ನನ್ನ ಮೂಗಿನ ಮೇಲೆ ಮೊದಲ ಮೈನಸ್ ನಂಬರ್ ಹತ್ತಿ ಕೂತಿತು. ನಾನು ಬೆಳೆದ ಹಾಗೆ ಅದೂ ಬೆಳೆಯಿತು. ನಾನು ಬೆಳೆಯುವುದನ್ನು ನಿಲ್ಲಿಸಿದ ಮೇಲೂ ಅದು ಕೆಲವು ವರ್ಷ ಬೆಳೆಯಿತು. ಸಾಲದ್ದಕ್ಕೆ ಸಿಲಿಂಡರ್ ಪವರ್ ಎನ್ನುವುದೊಂದು ಜೊತೆಗೆ ಸೇರಿಕೊಂಡಿತು. ಈ ಹೆಸರು ಕೇಳಿದವರೆಲ್ಲ ಮಾಡುವ ಹಾಸ್ಯವನ್ನು ನನ್ನ ಹೆಂಡತಿಯೂ ಮಾಡಿದಳು, ಅದನ್ನು ಇಲ್ಲಿ ಬರೆದು ನಿಮಗೆ ಬೇಜಾರು ಮಾಡುವುದಿಲ್ಲ. ವಿಷಯ ಇಷ್ಟೇ: ಕಣ್ಣುಗುಡ್ಡೆಯ ಮುಂಭಾಗ ದುಂಡಗೆ ಇರುವ ಬದಲು ಮೊಟ್ಟೆಯ ಹಾಗೆ ಒಂದು ಕಡೆಗೆ ಎಳೆದುಕೊಂಡಿರುತ್ತದೆ, ಹಾಗಾಗಿ ನೋಡಿದ್ದೆಲ್ಲವೂ ಒಂದು ಕಡೆಗೆ ಎಳೆದುಕೊಂಡು ಕಾಣುತ್ತದೆ. ಬೀದಿ ದೀಪಕ್ಕೆ ಹುಟ್ಟಿನಿಂದಲೇ ಬಾಲ ಇರುತ್ತದೆ ಎಂದು ನಾನು ಬಹಳ ದಿನ ತಿಳಿದುಕೊಂಡಿದ್ದೆ.

ಇಂಥ ಕಣ್ಣು ಇಟ್ಟುಕೊಂಡು ನಾನು ಆರಿಸಿಕೊಂಡ ಕೆಲಸ ಹಳೇಬೀಡಿನ ದೇವಸ್ಥಾನದಲ್ಲಿ ಗೈಡ್ ಕೆಲಸ. ಆರಿಸಿಕೊಂಡೆ ಎನ್ನುವುದು ತಪ್ಪು, ಹಚ್ಚಿದವರು ನನ್ನ ಸೋದರಮಾವ. ನನಗೆ ಪಾಠ ಹೇಳಿಕೊಟ್ಟವರೂ ಅವರೇ, ಆಮೇಲೆ ಮಗಳನ್ನು ಕೊಟ್ಟವರೂ ಅವರೇ. ರಾಗಿ ಹೊಲಕ್ಕೆ ಒಂದು ಸುತ್ತು ಹೋಗಿ ಬಂದು, ಪಂಚೆ ಬಿಟ್ಟು ಪ್ಯಾಂಟು ತೊಟ್ಟು, ಹತ್ತು ಗಂಟೆಗೆ ದೇವಸ್ಥಾನದ ಬಾಗಿಲಲ್ಲಿ ನಿಂತರೆಂದರೆ ಅವರ ಬಾಯಿಂದ ಹೊಯ್ಸಳರು ಹೊರಡುತ್ತಿದ್ದರು. ಅವರು ನನಗೆ ಕಲಿಸಿದ ಮೊದಲ ಪಾಠ ಗೋಡೆಗೆ ಬೆನ್ನು ಹಾಕಿ ನಿಲ್ಲುವುದು. "ಲೋ ಸಿದ್ದ, ಗೋಡೆ ಎಲ್ಲೂ ಓಡೋಗಲ್ಲ ಕಣೋ. ಓಡೋಗೋರು ಗಿರಾಕಿಗಳು. ನೀನು ಅವರ ಮುಖ ನೋಡ್ತಿರು, ಕೈ ತಾನೇ ಗೋಡೆ ತೋರಿಸುತ್ತೆ" ಎನ್ನುತ್ತಿದ್ದರು. ಎರಡನೇ ಪಾಠ, ಬಂದವರು ಏನೇ ಹೇಳಿದರೂ ಇಲ್ಲ ಎನ್ನಬಾರದು ಎಂಬುದು. ಈ ಎರಡು ಪಾಠಗಳ ಮೇಲೆ ನಾನು ಹದಿನೈದು ವರ್ಷ ಸಂಸಾರ ನಡೆಸಿದ್ದೇನೆ.

ನಮ್ಮ ಮಾತಿನ ಕಿರೀಟ ಎಂದರೆ ಅಳಿಲು. ಗೋಡೆಯ ಒಂದು ಕಡೆ ರಾಮಾಯಣದ ಸಾಲಿನಲ್ಲಿ ಕಪಿಗಳು ಸೇತುವೆಗೆ ಕಲ್ಲು ಹೊರುತ್ತಿವೆ. ಅಲ್ಲಿ ಒಂದು ಕಪಿಯ ಹಿಮ್ಮಡಿಯ ಹತ್ತಿರ, ಹೆಬ್ಬೆರಳಿನಷ್ಟು ಜಾಗದಲ್ಲಿ, ಮರಳಿನಲ್ಲಿ ಹೊರಳಿ ಸೇವೆ ಮಾಡಿದ ಆ ಅಳಿಲನ್ನು ಶಿಲ್ಪಿ ಕೆತ್ತಿದ್ದಾನೆ. ಇದನ್ನು ಹೇಳುವಾಗ ನಾನು ಧ್ವನಿ ತಗ್ಗಿಸುತ್ತೇನೆ, ಕೆಂಪು ಲೇಸರ್ ಟಾರ್ಚಿನ ಚುಕ್ಕಿಯನ್ನು ಅಲ್ಲಿ ಬಿಡುತ್ತೇನೆ. "ದೊಡ್ಡ ದೊಡ್ಡ ಕಪಿಗಳನ್ನ ಯಾರು ಬೇಕಾದ್ರೂ ಕೆತ್ತುತ್ತಾರೆ ಸಾರ್. ಅಳಿಲನ್ನ ಮರೀದೇ ಇರೋನು ಮಾತ್ರ ನಿಜವಾದ ಶಿಲ್ಪಿ" ಎಂದು ನಿಲ್ಲಿಸುತ್ತೇನೆ. ಜನ ಬಗ್ಗುತ್ತಾರೆ, "ಆಹಾ, ಬಾಲ ನೋಡಿ" ಎನ್ನುತ್ತಾರೆ. ಕೆಲವು ಹೆಂಗಸರ ಕಣ್ಣಲ್ಲಿ ನೀರು ಬಂದದ್ದೂ ಉಂಟು. ಈಚೆಗಂತೂ ಫೋನಿನಲ್ಲಿ ನಮ್ಮ ದೇವಸ್ಥಾನದ ಬಗ್ಗೆ ಬರೆಯುವವರೆಲ್ಲ 'ಅಳಿಲು ತೋರಿಸುವ ಗೈಡನ್ನೇ ಕೇಳಿ' ಎಂದು ಬರೆಯುವಷ್ಟು ಅದು ಹೆಸರುವಾಸಿಯಾಗಿತ್ತು.

ಹೀಗೆ ಸುಖವಾಗಿದ್ದವನು ಕಣ್ಣು ಕೊಯ್ಯಿಸಿಕೊಳ್ಳಲು ಹೊರಟದ್ದಕ್ಕೆ ಕಾರಣ ಒಬ್ಬ ದ್ವಾರಪಾಲಕ. ಬೇಸಿಗೆಯ ಒಂದು ಮಧ್ಯಾಹ್ನ, ಮೇಲಿನ ಸಾಲು ತೋರಿಸಲು ತಲೆ ಎತ್ತಿದಾಗ, ಬೆವರಿಗೆ ಜಾರಿದ ಕನ್ನಡಕ ಕೆಳಗೆ ಬಿತ್ತು. ಗುಂಪಿನಲ್ಲಿದ್ದ ಯಾರೋ ಪುಣ್ಯಾತ್ಮರು ಅದರ ಮೇಲೆ ಸರಿಯಾಗಿ ಕಾಲಿಟ್ಟರು. ನಾನು ಎದೆಗುಂದಲಿಲ್ಲ. ಉಳಿದ ದೇವಸ್ಥಾನವನ್ನೆಲ್ಲ ಕನ್ನಡಕ ಇಲ್ಲದೆಯೇ ತೋರಿಸಿ ಮುಗಿಸಿದೆ. ಯಾರಿಗೂ ಒಂದಿಷ್ಟೂ ಅನುಮಾನ ಬರಲಿಲ್ಲ. ತಪ್ಪಾದದ್ದು ಕೊನೆಯಲ್ಲಿ. ಬಾಗಿಲ ಬಳಿ ನಿಂತಿದ್ದ ಎತ್ತರದ ಯಜಮಾನರಿಗೆ ಕೈಮುಗಿದು, "ಬಹಳ ಸಂತೋಷ ಸಾರ್, ಕುಟುಂಬ ಸಮೇತ ಇನ್ನೊಂದ್ಸಲ ಬನ್ನಿ" ಎಂದೆ. ಅವರು ಉತ್ತರ ಕೊಡಲಿಲ್ಲ. ಶತಮಾನಗಳಿಂದ ಅವರು ಯಾರಿಗೂ ಉತ್ತರ ಕೊಟ್ಟಿಲ್ಲ. ನಿಜವಾದ ಯಜಮಾನರು ಆಗಲೇ ಚಪ್ಪಲಿ ಬಿಟ್ಟ ಜಾಗದಲ್ಲಿದ್ದರು.

ಇದನ್ನು ನೋಡಿದವನು ಪುಟ್ಟರಾಜು. ಅವನೂ ಗೈಡೇ, ಬೇಲೂರಿನವನು. ಅಲ್ಲಿ ಗೈಡುಗಳು ಜಾಸ್ತಿಯಾದರೆಂದು ದಿನಾ ಬಸ್ಸು ಹತ್ತಿ ನಮ್ಮ ಅನ್ನಕ್ಕೆ ಪಾಲುದಾರನಾಗಿ ಬರುತ್ತಾನೆ. ಸಂಜೆಯೊಳಗೆ ಟೀ ಅಂಗಡಿಯಲ್ಲಿ ಈ ಕಥೆ ನಾಟಕವಾಗಿತ್ತು. ದ್ವಾರಪಾಲಕನ ಪಾತ್ರದಲ್ಲಿ ಅವನು ಸೊಂಟ ಕೊಂಕಿಸಿ ನಿಲ್ಲುವುದು, ಟೂರಿಸ್ಟ್ ವ್ಯಾನಿನ ಡ್ರೈವರುಗಳು ಸರದಿಯಲ್ಲಿ ಬಂದು ಅವನಿಗೆ ಕೈಮುಗಿಯುವುದು. "ಏನ್ಲಾ ಸಿದ್ದ, ಯಜಮಾನ್ರು ಕುಟುಂಬ ಸಮೇತ ಯಾವಾಗ್ ಬತ್ತಾರಂತೆ?" ಎಂದು ಕೇಳದ ಡ್ರೈವರಿಲ್ಲ. ಡ್ರೈವರುಗಳು ನಕ್ಕರೆ ಗೈಡಿಗೆ ಗಂಡಾಂತರ, ಏಕೆಂದರೆ ಗುಂಪನ್ನು ಯಾರ ಕೈಗೆ ಒಪ್ಪಿಸಬೇಕೆಂದು ತೀರ್ಮಾನಿಸುವವರು ಅವರೇ. ನನಗೆ ತುಂಬಾ ಅವಮಾನವಾಯಿತು. ಅವತ್ತೇ ಲೇಸರ್ ಮಾಡಿಸಿಕೊಳ್ಳುತ್ತೇನೆಂದು ಮನೆಯಲ್ಲಿ ಸಾರಿದೆ.

ನನ್ನ ಹೆಂಡತಿ ಶಶಿಕಲಾ ಲೇಸರ್ ಎಂದರೆ ತಿಳಿಯದವಳಲ್ಲ. ಗೈಡಿನ ಮಗಳು, ಗೈಡಿನ ಹೆಂಡತಿ. ಎಷ್ಟೋ ವರ್ಷಗಳಿಂದ ಮನೆಯ ಗೂಡಿನಲ್ಲಿ ಆ ಟಾರ್ಚು ನೋಡಿದವಳು. ಅದೇ ತೊಂದರೆಯಾಯಿತು. "ಆ ಕೆಂಪು ದೀಪ ಕಣ್ಣಿಗೆ ಬಿಡಬೇಡ್ರೋ, ಕಣ್ಣು ಹೋಗುತ್ತೆ ಅಂತ ಕಂಡೋರ ಮಕ್ಕಳಿಗೆಲ್ಲ ಬೈತೀರಿ. ಈಗ ನೀವೇ ಬೆಂಗಳೂರಿಗೆ ಹೋಗಿ ಬಿಡಿಸ್ಕೊಂಡು ಬತ್ತೀರಾ?" ಎಂದಳು. ಆ ಲೇಸರ್ ಬೇರೆ, ಈ ಲೇಸರ್ ಬೇರೆ ಎಂದೆ. "ಎಂಗೆ ಬೇರೆ, ಹೇಳಿ" ಎಂದಳು. ಹೊಯ್ಸಳರ ವಂಶಾವಳಿಯನ್ನು ನಿದ್ದೆಯಲ್ಲೂ ಹೇಳುವ ನನಗೆ ಇದಕ್ಕೆ ಉತ್ತರ ತಿಳಿದಿರಲಿಲ್ಲ. "ಅದು ದೊಡ್ಡದು" ಎಂದುಬಿಟ್ಟೆ. ಅವಳು ಮತ್ತೂ ಹೆದರಿದಳು.

ಅರಸೀಕೆರೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ಆಸ್ಪತ್ರೆ ನೋಡಿದರೆ ಮದುವೆ ಛತ್ರದ ಹಾಗೆ ಮಿನುಗುತ್ತಿತ್ತು. ಕಣ್ಣು ನೋಡುವ ಮೊದಲು ಒಬ್ಬ ಹುಡುಗಿ ನಮ್ಮನ್ನು ಕೂರಿಸಿಕೊಂಡು ಬ್ಲೇಡ್ ಇರುವುದು, ಬ್ಲೇಡ್ ಇಲ್ಲದ್ದು, ಅದಕ್ಕಿಂತ ಹೊಸದು, ಹೊಸದಕ್ಕಿಂತ ಹೊಸದು ಎಂದು ಒಂದೊಂದೇ ಬಿಡಿಸಿ ತೋರಿಸಿದಳು. ಶಶಿಕಲಾ ರೇಷ್ಮೆ ಸೀರೆ ಅಂಗಡಿಯಲ್ಲಿ ಕೂತ ಹಾಗೆ ಕೂತು, "ಇದರಲ್ಲೇ ಸ್ವಲ್ಪ ಕಮ್ಮಿದು ತೋರ್ಸಿ" ಎಂದಳು. ಆಮೇಲೆ ಡಾಕ್ಟರು ಕಣ್ಣಿನ ಕರಿಗುಡ್ಡೆಯ ಮೇಲಿನ ಪೊರೆ ಎಷ್ಟು ದಪ್ಪವಿದೆ ಎಂದು ಅಳೆದರು. ತೆಳುವಾಗಿದ್ದರೆ ಲೇಸರ್ ಮಾಡಲು ಬರುವುದಿಲ್ಲವಂತೆ. ನನ್ನದು ಸಾಕಷ್ಟು ದಪ್ಪವಿತ್ತು. "ಇವರ ಚರ್ಮಾನೂ ಅಷ್ಟೇ ಡಾಕ್ಟ್ರೇ" ಎಂದು ನನ್ನ ಹೆಂಡತಿ ಒಪ್ಪಿಗೆ ಕೊಟ್ಟಳು.

ಆಪರೇಷನ್ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ, ಅದೇ ನನ್ನ ದುಃಖ. ಊರಿಗೆ ಹೋಗಿ ಹೇಳಿಕೊಳ್ಳಲು ಒಂದಿಷ್ಟಾದರೂ ನೋವು ಬೇಕಲ್ಲ? ಕಣ್ಣಿಗೆ ಮರಗಟ್ಟುವ ಹನಿ ಹಾಕಿದರು, ರೆಪ್ಪೆ ಮುಚ್ಚದ ಹಾಗೆ ಏನೋ ಸಿಕ್ಕಿಸಿದರು, ಹಸಿರು ದೀಪವನ್ನೇ ನೋಡುತ್ತಿರಿ ಎಂದರು. ನೋಡಿದೆ. ಕುರಿತಲೆ ಸುಡುವಾಗ ಬರುವಂಥ ವಾಸನೆ ಬಂತು. ಇದು ಯಾರ ಮನೆಯಲ್ಲಪ್ಪ ಎಂದುಕೊಳ್ಳುವಷ್ಟರಲ್ಲಿ, ಸುಡುತ್ತಿರುವುದು ನನ್ನದೇ ತಲೆ ಎಂದು ಹೊಳೆಯಿತು. ಬಸ್ಸು ನಿಂತಾಗ ಇಳಿದು ಟೀ ಕುಡಿದು ಹತ್ತುವಷ್ಟು ಹೊತ್ತಿನಲ್ಲಿ ಎರಡೂ ಕಣ್ಣು ಮುಗಿದಿದ್ದವು. ಎಬ್ಬಿಸಿ ಕೂರಿಸಿ ಗೋಡೆಯ ಗಡಿಯಾರ ನೋಡಿ ಎಂದರು. ಮಂಜು ಮುಸುಕಿದಂತಿದ್ದರೂ ಮುಳ್ಳು ಕಾಣುತ್ತಿತ್ತು. ಮೂರನೇ ಕ್ಲಾಸಿನ ನಂತರ ಬರಿಗಣ್ಣಿನಿಂದ ನಾನು ನೋಡಿದ ಮೊದಲ ಗಡಿಯಾರ ಅದು. ಅತ್ತುಬಿಟ್ಟೆ. "ಅಳಬೇಡಿ, ಹನಿ ಹೊರಗೆ ಹೋಗುತ್ತೆ" ಎಂದರು ಡಾಕ್ಟರು.

ಮನೆಗೆ ಬಂದ ಮೇಲೆ ನೆಂಟರಿಷ್ಟರ ಪರೀಕ್ಷೆ ಶುರುವಾಯಿತು. ಕಪ್ಪು ಕನ್ನಡಕ ಹಾಕಿಕೊಂಡು, ತಲೆಗೆ ನೀರು ಹಾಕಿಕೊಳ್ಳದೆ ನಾನು ಮೂಲೆಯಲ್ಲಿ ಕೂತಿದ್ದರೆ, ಬಂದವರೆಲ್ಲ ಬೆರಳೆತ್ತಿ "ಇದೆಷ್ಟು?" ಎಂದು ಕೇಳುತ್ತಿದ್ದರು. ಬೆರಳು ಲೆಕ್ಕ ಹಾಕಲು ಮೊದಲೂ ನನಗೆ ಬರುತ್ತಿತ್ತು ಎಂದರೆ ಯಾರು ಕೇಳುತ್ತಾರೆ? ಕಣ್ಣು ತಿಳಿಯಾದ ಹಾಗೆಲ್ಲ ನಮ್ಮ ಮನೆಯ ಜೇಡರ ಬಲೆಗಳು ಕಂಡವು, ಅನ್ನದಲ್ಲಿ ಕಲ್ಲು ಕಂಡಿತು, ಕನ್ನಡಿಯಲ್ಲಿ ನಾನು ಕಂಡೆ. ಮೊದಲೆರಡನ್ನು ಬಾಯಿಬಿಟ್ಟು ಹೇಳಿ ಬೈಸಿಕೊಂಡೆ. ಮೂರನೆಯದನ್ನು ಯಾರಿಗೂ ಹೇಳಲಿಲ್ಲ.

ಡಾಕ್ಟರು ಹೊರಗೆ ಹೋಗಬಹುದು ಎಂದ ದಿನ, ಗಿರಾಕಿಗಳು ಬರುವ ಮೊದಲೇ ನಾನೊಬ್ಬನೇ ದೇವಸ್ಥಾನಕ್ಕೆ ಹೋದೆ. ಗೋಡೆಗೆ ಬೆನ್ನು ಹಾಕದೆ, ಮುಖ ಕೊಟ್ಟು ನಿಂತೆ. ಏನು ಹೇಳಲಿ! ಒಂದು ಆನೆಯ ಹಾಗೆ ಇನ್ನೊಂದು ಆನೆ ಇಲ್ಲ ಎಂದು ಇಷ್ಟು ವರ್ಷ ಹೇಳುತ್ತಿದ್ದೆ. ಅದು ನಿಜವೆಂದು ಅವತ್ತು ಗೊತ್ತಾಯಿತು. ದೇವಿಯ ಸರದಲ್ಲಿ ಒಂದೊಂದು ಮಣಿಯೂ ಬೇರೆಯಾಗಿ ಕಂಡಿತು. ಸಂತೋಷಕ್ಕೆ ಎದೆ ಉಬ್ಬಿ ಬಂತು. ನಮ್ಮ ಮಾತು ಸುಳ್ಳಾಗದ ಹಾಗೆ ಕೆತ್ತಿಟ್ಟು ಹೋದ ಆ ಶಿಲ್ಪಿಗಳಿಗೆ ಮನಸ್ಸಿನಲ್ಲೇ ಅಡ್ಡಬಿದ್ದೆ. ಹಾಗೆಯೇ ನಡೆಯುತ್ತ ಕಪಿಗಳ ಹತ್ತಿರ ಬಂದು, ಬಗ್ಗಿ, ಅಳಿಲನ್ನು ನೋಡಿದೆ.

ಅಲ್ಲಿ ಅಳಿಲು ಇರಲಿಲ್ಲ. ಯಾವ ಕಾಲದಲ್ಲೋ ಮುರಿದ ಕಲ್ಲಿನ ಒಂದು ಚೂರು ಹಿಮ್ಮಡಿಯ ಬಳಿ ಅಂಟಿಕೊಂಡಿತ್ತು. ಪಕ್ಕದಲ್ಲಿ ಒಂದು ಬಿರುಕು. ಅಷ್ಟೇ. ಎಡದಿಂದ ನೋಡಿದೆ, ಬಲದಿಂದ ನೋಡಿದೆ, ಕೂತು ನೋಡಿದೆ. ಅಭ್ಯಾಸಬಲದಿಂದ ಕನ್ನಡಕ ತೆಗೆದು ಒರೆಸಲು ಹೋಗಿ ಬರಿ ಮೂಗು ಹಿಡಿದುಕೊಂಡೆ. ಕಲ್ಲು ಕಲ್ಲಾಗಿಯೇ ಇತ್ತು.

ನೇರ ಮಾವನ ಮನೆಗೆ ಹೋದೆ. ಅವರಿಗೀಗ ವಯಸ್ಸಾಗಿದೆ, ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. "ಮಾವ, ಅಲ್ಲಿ ಅಳಿಲಿಲ್ಲ" ಎಂದೆ. ಅವರು ತಲೆ ಎತ್ತಲಿಲ್ಲ.

"ಎಲ್ಲಿ?"

"ಕಪಿ ಕಾಲ ಹತ್ರ. ಬರೀ ಮುರಿದ ಕಲ್ಲು."

"ಹೂಂ, ಕಲ್ಲೇ ಕಣೋ."

"ಮತ್ತೆ ಅಳಿಲು ಅಂತ ನೀವೇ ತಾನೇ ತೋರಿಸಿದ್ದು?"

ಮಾವ ಒಂದು ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದರು. "ನಾನು ಹೊಸದಾಗಿ ಸೇರಿದ್ದಾಗ ಒಬ್ರು ಮೇಡಂ ಬಂದಿದ್ರು, ಕೊಡೆ ಹಿಡ್ಕಂಡು. ಅವರು ಬಗ್ಗಿ ನೋಡಿ, ಅಯ್ಯೋ ಇಲ್ಲಿ ಅಳಿಲೈತೆ ಅಂದ್ರು. ಹೌದು ಮೇಡಂ ಅಂದೆ. ಇಲ್ಲ ಅನ್ನಕಾಯ್ತದಾ? ಅವತ್ತಿಂದ ಐತೆ."

ನನಗೆ ಅವತ್ತು ಊಟ ಸೇರಲಿಲ್ಲ. ಆದರೆ ಹೊಸ ಕಣ್ಣಿನ ಜೊತೆ ಹೊಸ ರೋಷವೂ ಬಂದಿತ್ತೋ ಏನೋ, ಇನ್ನು ಮುಂದೆ ಕಂಡದ್ದನ್ನೇ ಹೇಳುವುದು ಎಂದು ತೀರ್ಮಾನಿಸಿದೆ. ಕಲ್ಲಿನ ಮೇಲೆ ಇಷ್ಟು ಸತ್ಯವಿರುವಾಗ ಒಂದು ಸುಳ್ಳು ಅಳಿಲಿನ ಅಗತ್ಯವಾದರೂ ಏನು? ಮಾರನೆಯ ದಿನ ಬಂದದ್ದು ಯಾವುದೋ ಬ್ಯಾಂಕಿನವರ ಗುಂಪು, ಕುಟುಂಬ ಸಮೇತ. ನಾನು ಗೋಡೆ ನೋಡಿಕೊಂಡೇ ವಿವರಿಸಿದೆ. ಕಪಿಗಳ ಮುಂದೆ ಬಂದಾಗ ಅಳಿಲಿನ ಮಾತೆತ್ತದೆ ಮುಂದೆ ನಡೆದೆ. ಹಿಂದಿನಿಂದ ಒಬ್ಬರು ಫೋನು ನೋಡುತ್ತ, "ಗೈಡ್, ಅಳಿಲು ಬಿಟ್ರಲ್ಲ" ಎಂದರು.

"ಅಳಿಲು ಇಲ್ಲ ಸಾರ್. ಅದು ಮುರಿದ ಕಲ್ಲು."

ಎಲ್ಲರೂ ಕಲ್ಲಿನ ಹತ್ತಿರ ಬಂದರು. ಆಮೇಲೆ ಒಬ್ಬ ಹೆಂಗಸು ಬಗ್ಗಿ, "ಇಲ್ಲೇ ಇದೆಯಲ್ಲ!" ಎಂದರು. "ಹೌದ್ರೀ, ಬಾಲ ನೋಡಿ" ಎಂದರು ಅವರ ಯಜಮಾನರು. "ಬೆನ್ನ ಮೇಲೆ ಮೂರು ಗೆರೆನೂ ಇದೆ" ಎಂದರು ಇನ್ನೊಬ್ಬರು. ಅಷ್ಟು ದಿನ ನಾನು ಕೂಡ ಗೆರೆ ತೋರಿಸಿರಲಿಲ್ಲ. ಎಲ್ಲರೂ ಫೋಟೋ ತೆಗೆದುಕೊಂಡು, ನನ್ನ ಕಡೆ ಅನುಮಾನದಿಂದ ನೋಡಿದರು. ಆ ಗಳಿಗೆಗೆ ಸರಿಯಾಗಿ ಪಕ್ಕದ ಗುಂಪಿನಿಂದ ಪುಟ್ಟರಾಜು ಬಂದ. ಮುಖದಲ್ಲಿ ಎಂಥ ಕನಿಕರ! "ತಪ್ಪು ತಿಳ್ಕೋಬೇಡಿ ಸಾರ್. ಪಾಪ, ಕಣ್ಣಿಗೆ ಲೇಸರ್ ಮಾಡಿಸ್ಕೊಂಡವ್ನೆ. ಏನೋ ಹೆಚ್ಚುಕಮ್ಮಿ ಆಗೈತೆ. ಮೊದ್ಲು ಅವನೇ ಈ ಅಳಿಲು ತೋರಿಸ್ತಿದ್ದಿದ್ದು" ಎಂದ.

ಮೊದಲೇ ಹೇಳಿದ ಹಾಗೆ, ನಮ್ಮಲ್ಲಿ ಸುದ್ದಿ ಹಬ್ಬುವುದಕ್ಕೆ ಟೀ ಅಂಗಡಿ ಒಂದು ಸಾಕು. ಸಿದ್ದೇಶನ ಕಣ್ಣು ಹೋಯಿತು ಎಂಬುದು ಜಾವಗಲ್ ಬಸ್ಸು ಹತ್ತಿ ಅರಸೀಕೆರೆ ಸೇರಿತು. ಹಾರನಹಳ್ಳಿಯಿಂದ ಶಶಿಕಲಾಳ ಚಿಕ್ಕಮ್ಮ ಕಿತ್ತಲೆಹಣ್ಣು ತಂದು ನನ್ನ ಕೈ ಹಿಡಿದು ಮುಟ್ಟಿಸಿ, "ಇದು ಹಣ್ಣು ಕಣಪ್ಪಾ" ಎಂದು ಹೇಳಿಕೊಟ್ಟರು. "ಹೋಗ್ಲಿ, ಜೀವಕ್ಕೇನೂ ಆಗ್ಲಿಲ್ವಲ್ಲ" ಎಂದು ಕಣ್ಣೊರೆಸಿಕೊಂಡರು. ಬಿಕ್ಕೋಡಿನಲ್ಲಿ ನನ್ನ ಗೆಳೆಯನ ತಮ್ಮನೊಬ್ಬ ಲೇಸರ್‌ಗೆ ದಿನ ಗೊತ್ತು ಮಾಡಿಕೊಂಡಿದ್ದವನು, ನನ್ನನ್ನು ನೋಡಿ ಹೆದರಿ ಬಿಟ್ಟುಬಿಟ್ಟ. ಡಾಕ್ಟರ ಚೀಟಿ ತೋರಿಸಿದೆ, ದೂರದ ಬಸ್ಸಿನ ಬೋರ್ಡು ಓದಿ ತೋರಿಸಿದೆ. "ಬೋರ್ಡೆಲ್ಲ ಓದ್ತೀಯ ಕಣಣ್ಣ, ಅಳಿಲು ಕಾಣಲ್ವಲ್ಲ" ಎಂದ ಒಬ್ಬ ಡ್ರೈವರು. ಅವನು ಕೇಳುವುದರಲ್ಲೂ ನ್ಯಾಯವಿತ್ತು. ಅಳಿಲು ಕಾಣದ ಗೈಡಿನ ಕೈಗೆ ಯಾರು ಗುಂಪು ಕೊಡುತ್ತಾರೆ? ವ್ಯಾನುಗಳು ನನ್ನನ್ನು ದಾಟಿ ಪುಟ್ಟರಾಜುವಿನ ಮುಂದೆ ನಿಲ್ಲತೊಡಗಿದವು. ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಗಿಲಲ್ಲಿ ನಿಂತು, ದೂರದ ಮರದಲ್ಲಿ ಎಲೆ ಎಣಿಸಬಲ್ಲಂಥ ಕಣ್ಣಿನಿಂದ ನಾನು ನನ್ನ ಗಿರಾಕಿಗಳು ಹೋಗುವುದನ್ನು ಸ್ಪಷ್ಟವಾಗಿ ನೋಡುತ್ತಿದ್ದೆ. ನಿಜ ಹೇಳುತ್ತೇನೆ, ಹೆದರಿಕೆಯಾಯಿತು. ನನಗೆ ಬೇರೆ ಕೆಲಸ ಬರುವುದಿಲ್ಲ.

ಕಡೆಯ ಆಸೆಯಾಗಿ ಶಶಿಕಲಾಳನ್ನು ಕರೆದುಕೊಂಡು ಹೋಗಿ ಆ ಕಲ್ಲಿನ ಮುಂದೆ ನಿಲ್ಲಿಸಿದೆ. "ನಿನ್ನ ಕಣ್ಣು ಚೆನ್ನಾಗಿದೆ. ನೀನೇ ನೋಡಿ ಹೇಳೇ, ಅದು ಅಳಿಲಾ?" ಎಂದೆ. ಅವಳು ಸೆರಗು ಸಿಕ್ಕಿಸಿ ಬಗ್ಗಿ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಅವಳ ಕಣ್ಣು ತುಂಬಿತ್ತು. "ರೀ... ಅಲ್ಲೇ ಐತಲ್ರೀ. ನಾನು ಚಿಕ್ಕೋಳಿದ್ದಾಗಿಂದ ಅಪ್ಪ ತೋರ್ಸ್ತಿದ್ರು. ನಿಮಗೆ ನಿಜವಾಗ್ಲೂ ಕಾಣಲ್ವಾ?" ಎಂದಳು. ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡೇ ನಡೆದಳು, ಕಲ್ಲು ಬಂದರೆ ಕಲ್ಲು ಎಂದು, ಗುಂಡಿ ಬಂದರೆ ಗುಂಡಿ ಎಂದು ಹೇಳಿಕೊಡುತ್ತ.

ಮಾರನೆಯ ದಿನ ಅರಸೀಕೆರೆಗೆ ಹೋದೆ. ಮೂರನೇ ಕ್ಲಾಸಿನಿಂದ ನನಗೆ ಕನ್ನಡಕ ಮಾಡಿಕೊಟ್ಟ ಅದೇ ಅಂಗಡಿ. ಯಜಮಾನರು ಎದ್ದು ಬಂದು ನನ್ನನ್ನು ಕೈಹಿಡಿದು ಕುರ್ಚಿಯಲ್ಲಿ ಕೂರಿಸಿದರು. "ಕೇಳಿದೆ ಕಣಯ್ಯ. ಈಗ ನಂಬರ್ ಎಷ್ಟು ಬಂದೈತೆ?" ಎಂದರು. "ಸೊನ್ನೆ" ಎಂದೆ. ಅವರು ಒಳಗೆ ಹೋಗಿ ಬರೀ ಗಾಜು ಕೂರಿಸಿದ ದಪ್ಪ ಫ್ರೇಮಿನ ಕನ್ನಡಕ ತಂದು ಮೂಗಿನ ಮೇಲಿಟ್ಟರು. ಕನ್ನಡಿ ನೋಡಿಕೊಂಡೆ. ಓದಿದವನ ಹಾಗೆ ಕಾಣುತ್ತಿದ್ದೆ.

ಕನ್ನಡಕ ಕಂಡ ಡ್ರೈವರುಗಳಿಗೆ ಬಹಳ ಸಮಾಧಾನವಾಯಿತು. "ಈಗ ಸರಿಯಾಯ್ತು ನೋಡು" ಎಂದರು. ಗುಂಪುಗಳು ವಾಪಸ್ಸು ಬಂದವು. ಮನೆಯಲ್ಲಿ ಶಶಿಕಲಾ ಒಬ್ಬಟ್ಟು ಮಾಡಿದಳು. ನಾನು ಮತ್ತೆ ಗೋಡೆಗೆ ಬೆನ್ನು ಹಾಕಿ ನಿಂತು, ಧ್ವನಿ ತಗ್ಗಿಸಿ, ಕೆಂಪು ಚುಕ್ಕಿ ಬಿಡತೊಡಗಿದೆ. ಬೆನ್ನ ಮೇಲಿನ ಮೂರು ಗೆರೆಯನ್ನೂ ಸೇರಿಸಿಕೊಂಡಿದ್ದೇನೆ.

ಮೊನ್ನೆ ಒಂದು ಗುಂಪಿನಲ್ಲಿ ವಯಸ್ಸಾದ ಒಬ್ಬರು ಮೇಡಂ ಇದ್ದರು. ಎಲ್ಲರೂ ಬಗ್ಗಿ ಆಹಾ ಎಂದು ಮುಂದೆ ಹೋದ ಮೇಲೂ ಅವರೊಬ್ಬರೇ ಅಲ್ಲಿ ನಿಂತು ನೋಡುತ್ತಿದ್ದರು. ಎಡದಿಂದ ನೋಡಿದರು, ಬಲದಿಂದ ನೋಡಿದರು, ಮೊಣಕಾಲು ನೋವಿದ್ದರೂ ಕೂತು ನೋಡಿದರು. ಕೊನೆಗೆ ಎದ್ದು ಬಂದು ನನಗೊಬ್ಬನಿಗೇ ಕೇಳುವ ಹಾಗೆ ಮೆಲ್ಲಗೆ, "ಅಲ್ಲಿ ಅಳಿಲು ಇಲ್ಲಪ್ಪ. ಅದು ಮುರಿದ ಕಲ್ಲು, ಅಲ್ವಾ?" ಎಂದರು. ಇಷ್ಟು ದಿನ ನಾನು ಕಾಯುತ್ತಿದ್ದದ್ದು ಈ ಒಂದು ಮಾತಿಗೆ. ಅವರ ಕಾಲಿಗೆ ಬೀಳಬೇಕೆನಿಸಿತು. ಅಷ್ಟರಲ್ಲಿ ಗುಂಪಿನವರೆಲ್ಲ ತಿರುಗಿ ನಮ್ಮನ್ನೇ ನೋಡುತ್ತಿದ್ದರು, ಅವರ ಹಿಂದೆ ಡ್ರೈವರೂ ಇದ್ದ. ನಾನು ಕನ್ನಡಕ ಸರಿಮಾಡಿಕೊಂಡೆ. ತುಂಬಾ ಕನಿಕರದಿಂದ, "ಮೇಡಂ, ನಿರ್ಲಕ್ಷ್ಯ ಮಾಡಬೇಡಿ, ಒಂದ್ಸಲ ಕಣ್ಣು ತೋರಿಸಿಬಿಡಿ. ಈಗ ಲೇಸರ್ ಬಂದಿದೆ, ಹತ್ತು ನಿಮಿಷದ ಕೆಲಸ" ಎಂದೆ.